ಗ್ರಂಥಸೂಚಿಯ ಹನ್ನೊಂದನೆಯ ಪುಸ್ತಕ

ಕೊಪ್ಪದ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತಿದ್ದ ವರ್ಷಗಳಲ್ಲಿ ಹುಡುಗರು ಬೆನ್ನ ಹಿಂದೆ ನನ್ನನ್ನು ಅಡಿಟಿಪ್ಪಣಿ ಮೇಡಂ ಎನ್ನುತ್ತಿದ್ದರು. ನನ್ನ ಕಿವಿಗೆ ಬೀಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು. ಬೇಸರವಾಗುತ್ತಿರಲಿಲ್ಲ. ಆ ಊರಿನಲ್ಲಿ ನನಗೆ ಹೆಸರಿಡುವಷ್ಟು ಸಲಿಗೆ ಬೇರೆ ಯಾರಿಗೂ ಇರಲಿಲ್ಲ. ಇಟ್ಟ ಒಂದೇ ಹೆಸರನ್ನು ಬೇಡ ಎನ್ನುವುದು ಯಾಕೆ?

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಕಡೂರಿನ ಕಡೆಯವಳು, ಬಯಲುಸೀಮೆಯಲ್ಲಿ ಬೆಳೆದವಳು. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಮ್ಮ ಹೋದ ಮೇಲೆ ತವರು ಎಂಬುದು ಅಣ್ಣ ಅತ್ತಿಗೆಯ ಮನೆಯಾಗಿತ್ತು. ಹಬ್ಬಕ್ಕೆ ಕರೆದರೆ ಹೋಗುವುದು, ಮರುದಿನ ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಡುವುದು. ಕಾಲೇಜಿನಲ್ಲಿ ನನ್ನದು ಅರೆಕಾಲಿಕ ಕೆಲಸ. ಎಂ.ಫಿಲ್. ಮುಗಿಸದೆ ಕೆಲಸ ಖಾಯಂ ಆಗುವುದಿಲ್ಲ, ಕೆಲಸ ಖಾಯಂ ಆಗದೆ ಎಂ.ಫಿಲ್. ಮಾಡಲು ರಜೆ ಸಿಗುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿದ್ದಿರಬೇಕು.

ಪೇಟೆಯಿಂದ ಸ್ವಲ್ಪ ಮೇಲೆ, ಏರುರಸ್ತೆಯ ಒಂದು ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯವರು ಒಳ್ಳೆಯವರು. ನೆಂಟರು ಬಂದ ದಿನ ಲೋಟದಲ್ಲಿ ಪಾಯಸ ಕಳಿಸುತ್ತಿದ್ದರು, ಒಳಗೆ ಬಾ ಎಂದು ಕರೆಯುತ್ತಿರಲಿಲ್ಲ. ಸಂಜೆ ಕಾಲೇಜಿನಿಂದ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಗಿನ ಕ್ಲಾಸಿನ ತನಕ ಬಾಯಿಂದ ಒಂದು ಮಾತೂ ಹೊರಡದ ದಿನಗಳು ಎಷ್ಟೋ ಇದ್ದವು. ಅಂಗಡಿಯವರು ‘ಮತ್ತೆಂತ ಮೇಡಂ?’ ಎನ್ನಲಿ ಎಂಬ ಆಸೆಗೆ ಬೇಡದಿದ್ದರೂ ಹೋಗಿ ಬೆಂಕಿಪೊಟ್ಟಣ ಕೊಂಡು ತರುತ್ತಿದ್ದೆ. ಗ್ಯಾಸ್ ಲೈಟರ್ ಇದ್ದ ಕೋಣೆಯಲ್ಲಿ ಬೆಂಕಿಪೊಟ್ಟಣಗಳ ರಾಶಿ ಬಿದ್ದಿತ್ತು.

ಅಡಿಟಿಪ್ಪಣಿಯ ಹುಚ್ಚು ನನಗೆ ಹಿಡಿದದ್ದು ಈ ಒಂಟಿತನದಿಂದಲೇ ಎಂದು ಈಗ ಅನಿಸುತ್ತದೆ. ಪುಸ್ತಕ ಬಿಡಿಸಿದರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಪುಟದ ಕೆಳಗಿನ ಸಣ್ಣಕ್ಷರಕ್ಕೆ. ಮೇಲೆ ಲೇಖಕ ಒಬ್ಬನೇ ಮಾತಾಡುತ್ತಿರುತ್ತಾನೆ. ಅವನು ಯಾರು ಯಾರ ಮನೆ ಹೊಕ್ಕು ಬಂದ, ಯಾರ ಮಾತು ಒಪ್ಪಿದ, ಯಾರ ಜೊತೆ ಜಗಳ ತೆಗೆದ ಎಂಬುದೆಲ್ಲ ಕೆಳಗೆ ಇರುತ್ತದೆ. ಸತ್ತವರೂ ಬದುಕಿರುವವರೂ ಅಲ್ಲಿ ಒಟ್ಟಿಗೆ ಕೂತಿರುತ್ತಾರೆ. ನನಗೆ ಆ ಗುಂಪು ಇಷ್ಟ.

ಬಿ.ಎ. ಕೊನೆಯ ವರ್ಷದವರು ಆಗ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ನಾನು ವಾರಗಟ್ಟಲೆ ಗಂಟಲು ಹರಿದುಕೊಂಡೆ. ನೀವು ಹೇಳುವ ಮಾತು ನಿಮಗೆ ಎಲ್ಲಿಂದ ಬಂತು ಹೇಳಿ. ಕಂಡದ್ದಾದರೆ ಕಂಡೆ ಎನ್ನಿ, ಕೇಳಿದ್ದಾದರೆ ಯಾರಿಂದ ಎನ್ನಿ, ಓದಿದ್ದಾದರೆ ಪುಸ್ತಕದ ಹೆಸರು, ಪುಟ ಹಾಕಿ. ಓದದ ಪುಸ್ತಕವನ್ನು ಕೊನೆಯ ಪಟ್ಟಿಯಲ್ಲಿ ಸೇರಿಸಿದರೆ ಅದು ಹೋಗದ ಮದುವೆಯ ಊಟ ಹೊಗಳಿದ ಹಾಗೆ ಎಂದೆ. ಹುಡುಗರು ನಕ್ಕರು. ಎಷ್ಟು ಅಡಿಟಿಪ್ಪಣಿ ಹಾಕಿದರೆ ಸಾಕಾಗುತ್ತದೆ ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಅವನ ಮುಖ ನೋಡಿದರೆ ಗೇಲಿ ಇರಲಿಲ್ಲ, ನಿಜಕ್ಕೂ ಅವನಿಗೆ ಅಳತೆ ಬೇಕಿತ್ತು.

ಪ್ರಾಜೆಕ್ಟುಗಳು ಬಂದವು. ಎಲ್ಲಕ್ಕೂ ಸ್ಪೈರಲ್ ಬೈಂಡಿಂಗ್, ಎಲ್ಲಕ್ಕೂ ಹೂವಿನ ಅಂಚಿನ ಮುಖಪುಟ. ಮೊದಲನೆಯದರ ಗ್ರಂಥಸೂಚಿ ನೋಡಿ ಪರವಾಗಿಲ್ಲವಲ್ಲ ಎಂದುಕೊಂಡೆ. ಎರಡನೆಯದು ನೋಡಿದೆ. ಐದಾರು ನೋಡುವ ಹೊತ್ತಿಗೆ ತಲೆ ಬಿಸಿಯಾಯಿತು. ಬಸರೀಕಟ್ಟೆ ಕಡೆಯ ಕಾಫಿ ತೋಟದ ಕೂಲಿಗಳ ಮೇಲೆ ಬರೆದವಳೂ, ಶೃಂಗೇರಿಯ ಶಿಲ್ಪದ ಮೇಲೆ ಬರೆದವನೂ, ಸ್ವಾತಂತ್ರ್ಯ ಚಳವಳಿಯ ಮೇಲೆ ಬರೆದವರೂ ಓದಿದ್ದು ಅವೇ ಪುಸ್ತಕಗಳನ್ನು, ಅದೇ ಕ್ರಮದಲ್ಲಿ, ಅವೇ ಅಕ್ಷರದ ತಪ್ಪುಗಳೊಂದಿಗೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಮರುದಿನ ಕ್ಲಾಸಿನಲ್ಲಿ ಕೂಗಾಡಿದೆ. ಎಲ್ಲರೂ ತಲೆ ತಗ್ಗಿಸಿದರು, ಒಬ್ಬಳು ಮಾತ್ರ ಎದ್ದು ನಿಂತಳು.

‘ಅದು ನಾವು ಬರ್ದಿದ್ದಲ್ಲ ಮೇಡಂ. ನಾವು ಒಳಗಿಂದು ಮಾತ್ರ ಬರ್ದು ಕೊಡೋದು. ಮುಂದಿಂದು ಹಿಂದಿಂದು ಎಲ್ಲ ಡಿಟಿಪಿಯವ್ರೇ ಹಾಕ್ತಾರೆ.’

ಬಸ್‌ಸ್ಟ್ಯಾಂಡಿನ ಹತ್ತಿರದ ಆ ಡಿಟಿಪಿ ಅಂಗಡಿಗೆ ಅಂದು ಸಂಜೆಯೇ ಹೋದೆ, ಜಗಳಕ್ಕೆ ತಯಾರಾಗಿ. ಅಂಗಡಿಯವರು ನನ್ನ ವಯಸ್ಸಿನವರೇ, ಮೆದು ಮಾತಿನ ಮನುಷ್ಯ. ನನ್ನನ್ನು ಕೂರಿಸಿ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹೆಮ್ಮೆಯಿಂದ ತೋರಿಸಿದರು. ಮುಖಪುಟ, ಪ್ರಮಾಣಪತ್ರ, ಕೃತಜ್ಞತೆ, ಗ್ರಂಥಸೂಚಿ ಎಲ್ಲ ಸಿದ್ಧವಾಗಿದೆ, ಹುಡುಗರ ಹೆಸರು ಬದಲಾಯಿಸಿದರೆ ಆಯಿತು. ಕಾಮರ್ಸಿಗೆ ಒಂದು ಗ್ರಂಥಸೂಚಿ, ಅರ್ಥಶಾಸ್ತ್ರಕ್ಕೆ ಒಂದು, ಇತಿಹಾಸಕ್ಕೆ ಒಂದು. ಇವನ್ನೆಲ್ಲ ಇವರು ಮಾಡಿದ್ದಲ್ಲ. ಹಿಂದಿನ ಮಾಲೀಕರಿಂದ ಅಂಗಡಿ ಕೊಂಡಾಗ ಕಂಪ್ಯೂಟರಿನ ಹೊಟ್ಟೆಯಲ್ಲೇ ಬಂದದ್ದು. ಇಷ್ಟು ವರ್ಷ ಯಾವ ಮೇಷ್ಟರೂ ಏನೂ ಅನ್ನಲಿಲ್ಲ ಎಂದರು. ಅದು ನಿಜವೇ ಇರಬೇಕು. ಗ್ರಂಥಸೂಚಿ ಇದೆಯೋ ಇಲ್ಲವೋ ನೋಡುವ ಮೇಷ್ಟರುಗಳಿದ್ದಾರೆ, ಅದರೊಳಗೆ ಏನಿದೆ ಎಂದು ನೋಡುವವರು ಕಡಿಮೆ.

ಬೈಯಲು ಬಾಯಿ ತೆರೆದವಳು ಪರದೆಯ ಮೇಲಿನ ಪಟ್ಟಿಯನ್ನು ಮೊದಲ ಸಲ ಸಮಾಧಾನದಿಂದ ಓದಿದೆ. ಹನ್ನೊಂದನೆಯ ಸಾಲನ್ನು ಎರಡು ಸಲ ಓದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ವಾರದ ಸಂತೆಗಳ ಮೇಲೆ ಒಂದು ಪುಸ್ತಕ.

ನನ್ನ ಎಂ.ಫಿಲ್. ವಿಷಯವೂ ಅದೇ. ಇದೇ ಮೂರು ತಾಲೂಕಿನ ವಾರದ ಸಂತೆಗಳು. ಈ ವಿಷಯದ ಮೇಲೆ ನಿನಗಿಂತ ಮೊದಲು ಯಾರಾದರೂ ಕೆಲಸ ಮಾಡಿದ್ದಾರೆಯೇ ಎಂದು ನನ್ನ ಮಾರ್ಗದರ್ಶಕರು ಕೇಳಿದ್ದಾಗ ಯಾರೂ ಇಲ್ಲ ಎಂದು ಎದೆ ತಟ್ಟಿ ಹೇಳಿದ್ದೆ. ಈಗ ಹೆದರಿಕೆಯಾಯಿತು. ನಾನು ಉಳಬೇಕೆಂದಿದ್ದ ಗದ್ದೆಯನ್ನು ಯಾರೋ ಮೊದಲೇ ಉತ್ತು ಬಿತ್ತಿ ಕೊಯ್ದುಕೊಂಡು ಹೋಗಿದ್ದಾರೆ. ಆದರೆ ಅಂಗಡಿಯಿಂದ ಇಳಿದು ಏರುರಸ್ತೆ ಹತ್ತುವ ಹೊತ್ತಿಗೆ ಆ ಭಯ ಇಳಿದು ಬೇರೆ ಏನೋ ಬಂದಿತ್ತು. ನನಗೆ ಸಂತೋಷವಾಗಿತ್ತು. ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದಾಗ ಸಹೋದ್ಯೋಗಿಯೊಬ್ಬರು, ಸಂತೆಯಲ್ಲಿ ಸಂಶೋಧನೆ ಮಾಡಲಿಕ್ಕೆ ಎಂತ ಇದೆ ಮಾರಾಯ್ರೆ, ಹೋಗಿ ತರಕಾರಿ ತರುವುದು ಎಂದಿದ್ದರು. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಸಂತೆಯನ್ನು ನನ್ನ ಹಾಗೆ ನೋಡಿದವರು ಇನ್ನೊಬ್ಬರು ಇದ್ದಾರೆ! ಆ ಒಬ್ಬರು ನನಗೆ ಬೇಕಿತ್ತು. ಅವರ ಪುಸ್ತಕ ಸಿಕ್ಕಿದರೆ ಸಾಕು, ಕೋಣೆಯಲ್ಲಿ ನಾನು ಒಬ್ಬಳೇ ಅಲ್ಲ.

ಹುಡುಕಲು ಹೊರಟೆ. ಪಟ್ಟಿಯಲ್ಲಿ ಲೇಖಕರ ಹೆಸರು ಇನಿಷಿಯಲ್ಲುಗಳ ಸಮೇತ ಇತ್ತು, ಆದರೆ ಅಂಥ ಹೆಸರಿನವರು ನಮ್ಮ ಕಡೆ ಬೀದಿಗೆ ಇಬ್ಬರು ಸಿಗುತ್ತಾರೆ. ಪ್ರಕಾಶಕರ ಹೆಸರಿರಲಿಲ್ಲ. ನಮ್ಮ ಕಾಲೇಜಿನ ಲೈಬ್ರರಿ ಎಂದರೆ ಮೂರು ಬೀರು, ಅಲ್ಲಿ ಇರಲಿಲ್ಲ. ಪೇಟೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿದರೆ, ಇತ್ತು ಇತ್ತು, ಯಾರೋ ತೆಗೆದುಕೊಂಡು ಹೋದವರು ತಂದಿಲ್ಲ ಎಂದರು. ಯಾರು ಎಂದರೆ ನೆನಪಿಲ್ಲ. ನರಸಿಂಹರಾಜಪುರದ ಕಡೆ ವಿಚಾರಿಸಿದಾಗಲೂ ಅದೇ ಮಾತು: ಒಳ್ಳೆಯ ಪುಸ್ತಕ, ಈಗ ಸಿಕ್ಕುವುದಿಲ್ಲ. ಸಿಗದಿದ್ದಷ್ಟೂ ನನಗೆ ಅದು ದೊಡ್ಡದಾಗುತ್ತಾ ಹೋಯಿತು.

ಶೃಂಗೇರಿಯಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ ಪುಸ್ತಕ ಬಹಳ ಇದೆ, ಅವರು ಓದದ್ದು ಯಾವುದೂ ಇಲ್ಲ ಎಂದು ಯಾರೋ ಹೇಳಿದರು. ಒಂದು ಭಾನುವಾರ ಬಸ್ಸು ಹತ್ತಿದೆ. ಮೇಷ್ಟರು ಕಾಫಿ ಕೊಡಿಸಿದರು, ನನ್ನ ಊರು, ಅಪ್ಪ, ಅಜ್ಜ, ಮದುವೆಯಾಗದ ಕಾರಣ ಎಲ್ಲ ವಿಚಾರಿಸಿದರು. ನಾನು ಪುಸ್ತಕದ ಹೆಸರು ಹೇಳಿದ ಕೂಡಲೇ ಕಣ್ಣು ಮುಚ್ಚಿ ತಲೆದೂಗಿದರು.

‘ಓದಿದೀನಿ ತಾಯಿ. ಒಳ್ಳೇ ಕೆಲ್ಸ. ಆದ್ರೆ ವೀಳ್ಯದೆಲೆ ವ್ಯಾಪಾರದ ಅಧ್ಯಾಯ ಮಾತ್ರ ಸಪ್ಪೆ. ಅಲ್ಲಿ ಆ ಮನುಷ್ಯ ಸೋತಿದಾರೆ.’

ಪ್ರತಿ ಅವರ ಹತ್ತಿರವೇ ಇತ್ತಂತೆ, ಯಾರಿಗೋ ಕೊಟ್ಟು ಕೈಬಿಟ್ಟಿತಂತೆ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊಟ್ಟೆಕಿಚ್ಚು ಪಟ್ಟೆ. ನಾನು ಕಣ್ಣಿನಿಂದಲೂ ನೋಡದ ಪುಸ್ತಕವನ್ನು ಓದಿ, ಅದರಲ್ಲಿ ತಪ್ಪು ಹುಡುಕುವಷ್ಟು ಭಾಗ್ಯ ಈ ಮುದುಕರಿಗೆ!

ಅಲ್ಲಿಂದಾಚೆಗೆ ನಾನು ಆ ಪುಸ್ತಕದ ಜೊತೆ ಸಂಸಾರ ಮಾಡತೊಡಗಿದೆ. ಬೇರೆ ಮಾತು ಹೊಳೆಯುವುದಿಲ್ಲ. ಸಂತೆಯ ದಿನ ಮೂಲೆಯಲ್ಲಿ ನಿಂತು ಯಾರು ಎಲ್ಲಿ ಕೂರುತ್ತಾರೆ, ಒಣಮೀನಿನವರ ಪಕ್ಕ ಯಾರು ಕೂರುವುದಿಲ್ಲ, ಬೆಲ್ಲದವರು ಯಾವ ಹೊತ್ತಿಗೆ ಅಂಗಡಿ ಕಟ್ಟುತ್ತಾರೆ ಎಂದೆಲ್ಲ ಬರೆದುಕೊಳ್ಳುತ್ತಿದ್ದೆ. ಸಂಜೆ ಕುಕ್ಕರ್ ಇಟ್ಟು, ಇದನ್ನು ನೀವು ಗಮನಿಸಿದ್ದಿರಾ ಎಂದು ಆ ಲೇಖಕರನ್ನು ಕೇಳುತ್ತಿದ್ದೆ. ಗಮನಿಸಿರುತ್ತಾರೆ, ನನಗಿಂತ ಮೊದಲು ಬಂದವರಲ್ಲವೇ? ವೀಳ್ಯದೆಲೆಯ ಅಧ್ಯಾಯ ಮಾತ್ರ ನಾನು ಅವರಿಗಿಂತ ಚೆನ್ನಾಗಿ ಬರೆಯುತ್ತೇನೆ ಎಂದು ಪಂಥ ಕಟ್ಟಿಕೊಂಡೆ. ಎಲೆಯ ಕಟ್ಟು ಮಾರುವ ಒಬ್ಬ ಅಜ್ಜಿಯ ಪಕ್ಕ ಕೂತು ಕೂತು ಅವರ ಮೊಮ್ಮಗಳ ಬಾಣಂತನದ ಕಥೆಯೆಲ್ಲ ನನಗೆ ಬಾಯಿಪಾಠವಾಯಿತು. ಆ ಮಳೆಗಾಲ ನಾನು ಬೆಂಕಿಪೊಟ್ಟಣ ಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗೋಡೆಯ ಹಳೆಯ ಫೋಟೋಗಳನ್ನು ಇಳಿಸಿ ಒರೆಸುತ್ತಿದ್ದರು. ಹಿಂದಿನ ಯಾವುದೋ ಬ್ಯಾಚಿನ ಗ್ರೂಪ್ ಫೋಟೋ ಬೆಂಚಿನ ಮೇಲಿತ್ತು. ಕುರ್ಚಿಯಲ್ಲಿ ಕೂತ ಅಧ್ಯಾಪಕರ ಹೆಸರುಗಳು ಕೆಳಗೆ ಸಾಲಾಗಿ ಅಚ್ಚಾಗಿದ್ದವು. ನನ್ನ ಕಣ್ಣು ಎಂದಿನಂತೆ ಕೆಳಗಿನ ಸಣ್ಣಕ್ಷರಕ್ಕೇ ಹೋಯಿತು. ಹನ್ನೊಂದನೆಯ ಪುಸ್ತಕದ ಲೇಖಕರ ಹೆಸರು, ಅವೇ ಇನಿಷಿಯಲ್ಲುಗಳು, ಮುಂದೆ ಇತಿಹಾಸ ವಿಭಾಗ ಎಂದಿತ್ತು. ಎಡಗಡೆಯ ಕೊನೆಯ ಕುರ್ಚಿ. ತೆಳ್ಳನೆಯ ಮನುಷ್ಯ, ಕ್ಯಾಮೆರಾ ಕಡೆ ನೋಡದೆ ಎಲ್ಲೋ ನೋಡುತ್ತಿದ್ದಾರೆ.

ಫೋಟೋ ಒರೆಸುತ್ತಿದ್ದ ಅಟೆಂಡರ್ ನಮ್ಮ ಕಾಲೇಜಿನ ಹಳೆಯ ತಲೆ. ಅವರನ್ನು ಕೇಳಿದೆ. ಅವರಾ, ನೀವು ಕೂರುವ ಕುರ್ಚಿಯಲ್ಲೇ ಕೂರುತ್ತಿದ್ದರು ಎಂದರು. ನಿಮ್ಮ ಹಾಗೆಯೇ ಅರೆಕಾಲಿಕ. ಖಾಯಂ ಆಗುತ್ತದೆ ಆಗುತ್ತದೆ ಎಂದು ವರ್ಷಗಟ್ಟಲೆ ಕಾದರು, ಆಗಲಿಲ್ಲ, ಬಿಟ್ಟು ಹೋದರು. ಈಗ ನರಸಿಂಹರಾಜಪುರದಲ್ಲಿ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಪುಸ್ತಕದ ವಿಷಯ ಅಟೆಂಡರಿಗೆ ಗೊತ್ತಿರಲಿಲ್ಲ. ಇಷ್ಟು ತಿಂಗಳು ಊರೂರು ಅಲೆದ ನಾನು ನನ್ನ ಕುರ್ಚಿಯನ್ನು ಒಂದು ಮಾತು ಕೇಳಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವಳು ನಾನೇ.

ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋದೆ. ಮಂಡಿಯ ಮುಂದೆ ಮೂಟೆ ಇಳಿಸುತ್ತಿದ್ದರು. ಒಳಗೆ ಹೆಂಗಸರು ಕೂತು ಅಡಿಕೆ ಆರಿಸುತ್ತಿದ್ದರು. ಮೇಜಿನ ಹಿಂದೆ ಫೋಟೋದ ಮನುಷ್ಯ, ಕೂದಲು ಬೆಳ್ಳಗಾಗಿತ್ತು, ಇಸ್ತ್ರಿ ಮಾಡಿದ ಅಂಗಿ. ಯಾವ ಮಾಲು, ಎಷ್ಟು ಮೂಟೆ ಎಂದು ತಲೆ ಎತ್ತದೆ ಕೇಳಿದರು. ನಾನು, ನಿಮ್ಮ ಪುಸ್ತಕ ಬೇಕಿತ್ತು ಸರ್ ಎಂದೆ. ಯಾವ ಪುಸ್ತಕ ಎಂದರು. ಹೆಸರು ಹೇಳಿದೆ. ಪೆನ್ನಿನ ಕ್ಯಾಪು ಹಾಕಿ ಎದ್ದರು. ಅಲ್ಲಿದ್ದವರಿಗೆ ಈಗ ಬಂದೆ ಎಂದು ಹೇಳಿ ನನ್ನನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ಹೋಟೆಲಿನವನು ಎರಡು ಟೀ ಇಡುತ್ತಾ, ರಾತ್ರಿಗೆ ಊಟವಾ ಟಿಫಿನ್ನಾ ಎಂದು ಅವರನ್ನು ಕೇಳಿದ. ಅವರು ದಿನವೂ ಅಲ್ಲೇ ಉಣ್ಣುತ್ತಾರೆ ಎಂದು ನನಗೆ ತಿಳಿಯಿತು.

‘ಅಂಥ ಪುಸ್ತಕ ಇಲ್ಲ ಮೇಡಂ,’ ಎಂದರು.

ಆಮೇಲೆ ಹೇಳಿದರು. ಮೂರು ಅಧ್ಯಾಯ ಬರೆದಿದ್ದರು. ಒಂದು ದಿನ ಪಾಠ ಮಾಡುತ್ತಾ ಉಮೇದಿನಲ್ಲಿ, ನನ್ನ ಪುಸ್ತಕ ಅಚ್ಚಿಗೆ ಹೋಗಿದೆ ಎಂದುಬಿಟ್ಟರು. ಹೋಗಿರಲಿಲ್ಲ, ಆದರೆ ಹೋಗುತ್ತದೆ ಎಂದು ಅವರಿಗೆ ನಂಬಿಕೆ ಇತ್ತು. ಆ ವರ್ಷದ ಮಕ್ಕಳು ಮೇಷ್ಟರ ಮೇಲಿನ ಪ್ರೀತಿಗೆ ತಮ್ಮ ಪ್ರಾಜೆಕ್ಟುಗಳ ಗ್ರಂಥಸೂಚಿಯಲ್ಲಿ ಅದನ್ನು ಸೇರಿಸಿದರು. ಹಿಡಿದು ಬೈಯಬೇಕಿತ್ತು. ಬೈಯಲಿಲ್ಲ. ಪಟ್ಟಿಯಲ್ಲಿ ತಮ್ಮ ಹೆಸರು ನೋಡಿದಾಗ ಪುಸ್ತಕ ಅಚ್ಚಾಗಿಯೇ ಬಂದ ಹಾಗೆ ಅನಿಸಿತಂತೆ. ಮುಂದಿನ ವರ್ಷ ನಿಜವಾಗಿ ಬರುತ್ತದಲ್ಲ, ಆಗ ಸರಿಹೋಗುತ್ತದೆ ಎಂದುಕೊಂಡರು. ಮುಂದಿನ ವರ್ಷ ಕೆಲಸವನ್ನೇ ಬಿಡಬೇಕಾಯಿತು. ಆ ಮೂರು ಅಧ್ಯಾಯ ಮನೆ ಬದಲಾಯಿಸುವಾಗ ಎಲ್ಲಿ ಹೋಯಿತೋ ಅವರು ಹುಡುಕಲಿಲ್ಲ.

ನಾನು ಡಿಟಿಪಿ ಅಂಗಡಿಯ ಸಂಗತಿ ಹೇಳಿದೆ. ಅಂಗಡಿ ಕೈ ಬದಲಾದರೂ ಪಟ್ಟಿ ಬದಲಾಗಿಲ್ಲ, ಇವತ್ತಿಗೂ ಪ್ರತಿ ವರ್ಷ ಪ್ರತಿ ಹುಡುಗನ ಪ್ರಾಜೆಕ್ಟಿನ ಹಿಂದೆ ನಿಮ್ಮ ಪುಸ್ತಕ ಇದೆ ಎಂದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಲೋಟವನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಸರಿಸಿದರು. ಯಾರಾದರೂ ಓದಿದೀನಿ ಅಂದರಾ ಎಂದು ಕೇಳಿದರು. ತಮಾಷೆಗೆ ಕೇಳಿದರೋ ಆಸೆಗೆ ಕೇಳಿದರೋ ಹೇಳುವುದು ಕಷ್ಟ.

ಶೃಂಗೇರಿಯ ಮೇಷ್ಟರ ಮಾತು ಹೇಳಿದೆ. ವೀಳ್ಯದೆಲೆಯ ಅಧ್ಯಾಯ ಸಪ್ಪೆಯಂತೆ ಎಂದೆ. ಅವರು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಹೋಟೆಲಿನವನು ತಿರುಗಿ ನೋಡಿದ. ಅವರು ನಗುವುದನ್ನು ಅವನೂ ನೋಡಿರಲಿಲ್ಲವೇನೋ. ನಗು ನಿಂತ ಮೇಲೆ ಕರವಸ್ತ್ರದಿಂದ ಮುಖ ಒರೆಸಿಕೊಂಡು ಗಂಭೀರವಾಗಿ ಹೇಳಿದರು.

‘ಅವರು ಹೇಳಿದ್ದು ಸರಿ. ಆ ಅಧ್ಯಾಯ ನಾನು ಬರೀಲೇ ಇಲ್ಲ. ಬರೆದಿದ್ರೂ ಸಪ್ಪೆಯಾಗೇ ಇರ್ತಿತ್ತು. ಆ ವ್ಯಾಪಾರ ನಂಗೆ ಕೊನೆವರೆಗೂ ಅರ್ಥ ಆಗ್ಲಿಲ್ಲ.’

ನನಗೆ ಅರ್ಥವಾಗಿತ್ತು. ಎಲೆ ಮಾರುವ ಅಜ್ಜಿ, ಅವರಿಗೆ ಎಲೆ ಕೊಡುವವರು, ಉಳಿದ ಎಲೆ ಸಂಜೆಗೆ ಎಲ್ಲಿ ಹೋಗುತ್ತದೆ ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ನಡುನಡುವೆ ಪ್ರಶ್ನೆ ಕೇಳಿದರು. ಸರಿಯಾದ ಪ್ರಶ್ನೆಗಳು. ಸಂತೆಯ ಬಗ್ಗೆ ನನ್ನನ್ನು ಅಷ್ಟು ಚೆನ್ನಾಗಿ ಯಾರೂ ಕೇಳಿರಲಿಲ್ಲ, ನನ್ನ ಮಾರ್ಗದರ್ಶಕರೂ ಸಹ. ಆ ಅರ್ಧ ಗಂಟೆ ನಾನು ಬಹಳ ಸುಖವಾಗಿದ್ದೆ. ಆ ಸುಖದಲ್ಲೇ ದುಡುಕಿದೆ. ಭಾನುವಾರ ಭಾನುವಾರ ಬರುತ್ತೇನೆ ಸರ್, ನಿಮಗೆ ಗೊತ್ತಿರುವುದನ್ನು ಹೇಳಿ, ನಿಮ್ಮ ಜೊತೆಗಿನ ಮಾತುಕತೆ ಎಂದು ಅಡಿಟಿಪ್ಪಣಿ ಹಾಕುತ್ತೇನೆ, ಅದಕ್ಕೆ ನಿಯಮವಿದೆ ಎಂದೆ.

ಅವರ ಮುಖ ಬಿಗಿದುಕೊಂಡಿತು. ಬೇಡ ಮೇಡಂ ಎಂದರು. ಒಂದು ಸಲ ಬಿಡಲಿಕ್ಕೆ ಸಾಕುಸಾಕಾಗಿದೆ, ಮತ್ತೆ ಹಚ್ಚಿಕೊಂಡರೆ ಮಂಡಿಯ ಲೆಕ್ಕ ತಪ್ಪುತ್ತದೆ. ಆ ಪಟ್ಟಿಯಿಂದಲೂ ನನ್ನನ್ನು ತೆಗೆಸಿಬಿಡಿ, ಇಲ್ಲದ ಪುಸ್ತಕ, ಮಕ್ಕಳಿಗೆ ಸುಳ್ಳು ಹೇಳಿಕೊಟ್ಟ ಹಾಗಾಗುತ್ತದೆ ಎಂದರು. ನಾನು ಕ್ಲಾಸಿನಲ್ಲಿ ಹೇಳುವ ಮಾತೇ ಅದು. ಆದರೂ ಸಿಟ್ಟು ಬಂತು, ಅಳುವೂ ಬಂತು. ತಿಂಗಳುಗಟ್ಟಲೆ ಹುಡುಕಿ ಒಬ್ಬರು ಸಿಕ್ಕರು, ಸಿಕ್ಕವರು ಬಾಗಿಲು ಹಾಕಿಕೊಂಡರು. ಇದಕ್ಕಿಂತ ಪುಸ್ತಕ ಎಲ್ಲೋ ಇದೆ ಎಂದುಕೊಂಡು ಕೋಣೆಯಲ್ಲಿ ಮಾತಾಡುತ್ತಿದ್ದುದೇ ಚೆನ್ನಾಗಿತ್ತು.

ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದರು. ನಾನು ಹತ್ತಿ ಕೂತೆ. ಬಸ್ಸು ಹೊರಡುವ ಹೊತ್ತಿಗೆ ಅವರು ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡರು.

‘ನನ್ನದು ಹನ್ನೊಂದನೇದು ಅಂದ್ರಲ್ಲ ಮೇಡಂ. ಹತ್ತನೇದು ಯಾರದು?’

ಹೇಳಿದೆ. ಇತಿಹಾಸ ಓದಿದವರೆಲ್ಲ ಹೆಸರು ಕೇಳಿದರೆ ಕೈ ಮುಗಿಯುವಂಥ ದೊಡ್ಡ ವಿದ್ವಾಂಸರು ಅವರು.

‘ಹೌದಾ,’ ಎಂದರು. ‘ಒಳ್ಳೆಯವರ ಪಕ್ಕ ಕೂರಿಸಿದಾರೆ ಮಕ್ಕಳು.’

ಬಸ್ಸು ಹೊರಟಿತು. ಸೋಮವಾರ ಡಿಟಿಪಿ ಅಂಗಡಿಗೆ ಹೋಗಿ ಕೌಂಟರಿನ ಮುಂದೆ ನಿಂತೆ. ಎಂತ ಮೇಡಂ ಎಂದರು. ಒಂದು ಸಾಲು ಅಳಿಸಬೇಕಿತ್ತು ಎನ್ನಲು ಬಾಯಿ ಬರಲಿಲ್ಲ. ಬಿಳಿ ಹಾಳೆ ಕೊಡಿ ಎಂದು ಹೇಳಿ ತೆಗೆದುಕೊಂಡು ಬಂದೆ. ಕ್ಲಾಸಿನಲ್ಲಿ ಮಾತ್ರ ಬಿಗಿ ಮಾಡಿದೆ: ನೀವು ಮುಟ್ಟಿ ನೋಡಿದ ಪುಸ್ತಕಗಳ ಪಟ್ಟಿಯನ್ನು ನೀವೇ ಬರೆಯಬೇಕು. ಹುಡುಗರು ಬರೆದರು. ಅಂಗಡಿಯವರು ಅದನ್ನೂ ಟೈಪ್ ಮಾಡಿ, ಅದರ ಹಿಂದೆ ತಮ್ಮ ಪಟ್ಟಿಯನ್ನೂ ಹಾಕಿ ಕೊಟ್ಟರು. ಕೇಳಿದರೆ, ಇದ್ದರೆ ಚೆಂದ ಮೇಡಂ, ಪುಸ್ತಕ ದಪ್ಪ ಕಾಣುತ್ತದೆ ಎಂದರು. ಹೀಗೆ ಆ ವರ್ಷ ಪ್ರತಿ ಪ್ರಾಜೆಕ್ಟಿಗೂ ಎರಡೆರಡು ಗ್ರಂಥಸೂಚಿ. ಎರಡನೆಯದರ ಹನ್ನೊಂದನೆಯ ಸಾಲಿನ ಮೇಲೆ ನಾನು ಕಣ್ಣು ನಿಲ್ಲಿಸದೆ ಪುಟ ತಿರುಗಿಸಿದೆ.

ಅದರ ಮುಂದಿನ ವರ್ಷ ನನ್ನ ಪ್ರಬಂಧ ಮುಗಿಯಿತು. ಟೈಪ್ ಮಾಡಿಸಿದ್ದು ಅದೇ ಅಂಗಡಿಯಲ್ಲಿ, ಬೇಸಿಗೆ ರಜೆಯಿಡೀ. ಕರೆಂಟು ಹೋಗಿ ಬರುವಷ್ಟರಲ್ಲಿ ಅಡಿಟಿಪ್ಪಣಿಗಳು ತಮ್ಮ ಪುಟ ಬಿಟ್ಟು ಮುಂದಿನ ಪುಟಕ್ಕೆ ಜಾರಿರುತ್ತಿದ್ದವು, ನಾವಿಬ್ಬರೂ ಕೂತು ಒಂದೊಂದನ್ನೇ ಎಳೆದು ತರುತ್ತಿದ್ದೆವು. ಎಲೆ ಮಾರುವ ಅಜ್ಜಿಯ ಹೆಸರು ನಲವತ್ತೊಂದನೆಯ ಪುಟದ ಕೆಳಗೆ ಬಂತು. ನರಸಿಂಹರಾಜಪುರದವರ ಹೆಸರನ್ನು ಎಲ್ಲೂ ಹಾಕಲಿಲ್ಲ, ಅವರು ಬೇಡ ಎಂದಿದ್ದರು. ಮೌಖಿಕ ಪರೀಕ್ಷೆಯಲ್ಲಿ ನನ್ನ ಪ್ರಬಂಧ ಪಾಸಾಯಿತು. ಪುಸ್ತಕ ಮಾಡಿಸಿ ಎಂದು ಪರೀಕ್ಷಕರು ಹೇಳಿದರು. ಎಲ್ಲರಿಗೂ ಹಾಗೆಯೇ ಹೇಳುತ್ತಾರೆ. ಕಾಲೇಜಿನಲ್ಲಿ ಖಾಯಂ ಹುದ್ದೆಯನ್ನೇ ತೆಗೆದುಹಾಕಿದ್ದಾರೆ ಎಂಬ ಸುದ್ದಿ ಬಂತು. ನಾನು ಮತ್ತೆ ಒಂದು ವರ್ಷಕ್ಕೆ ಅರ್ಜಿ ಬರೆದುಕೊಟ್ಟೆ.

ಆ ವರ್ಷದ ಪ್ರಾಜೆಕ್ಟುಗಳನ್ನು ಕೋಣೆಗೆ ತಂದು ತಿದ್ದಲು ಕೂತಿದ್ದೆ. ಎರಡನೆಯ ಗ್ರಂಥಸೂಚಿ ಎಂದಿನಂತೆ ಇತ್ತು. ಪುಟ ತಿರುಗಿಸಿಬಿಡುತ್ತಿದ್ದೆ, ಪಟ್ಟಿ ಒಂದು ಸಾಲು ಉದ್ದವಾಗಿದ್ದಂತೆ ಕಂಡು ನಿಂತೆ. ಹತ್ತರಲ್ಲಿ ಆ ದೊಡ್ಡ ವಿದ್ವಾಂಸರು. ಹನ್ನೊಂದರಲ್ಲಿ ಅವರು. ಹನ್ನೆರಡರಲ್ಲಿ ನನ್ನ ಹೆಸರು, ನನ್ನ ಪ್ರಬಂಧದ ಹೆಸರು, ಅಚ್ಚಾದ ಪುಸ್ತಕದ ಹಾಗೆ. ಪ್ರಕಾಶಕರ ಹೆಸರಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದೆ. ಅಂಗಡಿಯವರು ನನ್ನ ಮುಖ ನೋಡಿಯೇ ಎದ್ದು ನಿಂತರು.

‘ನೀವು ಅಷ್ಟು ಕಷ್ಟಪಟ್ಟು ಬರ್ದಿದ್ದು ಮೇಡಂ, ಹಾಗೇ ಇಲ್ಲಿ ಬಿದ್ದಿರೋದು ಎಂತಕ್ಕೆ ಅಂತ ಹಾಕಿದೆ. ಸಂತೆದು ಸಂತೆ ಪಕ್ಕನೇ ಇರ್ಲಿ ಅಂತ ಅಲ್ಲಿ ಸೇರ್ಸಿದೆ. ತಪ್ಪಾಯ್ತಾ?’

ತಪ್ಪೇ. ಬೇರೆಯವರದಾಗಿದ್ದರೆ ಕೆಂಪು ಗೆರೆ ಎಳೆದು ಅಂಕ ಕಳೆಯುತ್ತಿದ್ದೆ. ನನಗೆ ಸಂತೋಷವಾಗಿತ್ತು. ನಾಚಿಕೆಯೂ ಆಗಿತ್ತು, ಆದರೆ ಸಂತೋಷವೇ ಹೆಚ್ಚು. ನರಸಿಂಹರಾಜಪುರದವರು ಅಂದು ಮಕ್ಕಳನ್ನು ಯಾಕೆ ಬೈಯಲಿಲ್ಲ ಎಂದು ನನಗೆ ಗೊತ್ತಾಯಿತು. ಇರಲಿ ಬಿಡಿ ಎಂದೆ.

ಮಂಡಿಯವರು ಹಂಚಿದ ಕ್ಯಾಲೆಂಡರ್ ಆ ಅಂಗಡಿಯ ಗೋಡೆಯಲ್ಲೇ ಇತ್ತು, ಅದರಲ್ಲಿ ಫೋನ್ ನಂಬರೂ ಇತ್ತು. ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ಮಾಡಿದೆ. ಯಾರೋ ಎತ್ತಿದರು, ಅವರನ್ನು ಕರೆದರು. ನಾನು ಯಾರು ಎಂದು ಹೇಳಿದೆ. ಹೇಳಿ ಮೇಡಂ ಎಂದರು, ದನಿಯಲ್ಲಿ ಎಚ್ಚರಿಕೆ ಇತ್ತು. ಪಟ್ಟಿಯಿಂದ ನಿಮ್ಮನ್ನು ತೆಗೆಸಲು ನನ್ನಿಂದ ಆಗಲಿಲ್ಲ ಸರ್ ಎಂದೆ. ನೀವು ಅವತ್ತು ಹತ್ತನೆಯದು ಯಾರದು ಎಂದು ಕೇಳಿದ್ದಿರಿ, ಈಗ ಹನ್ನೆರಡನೆಯದು ನನ್ನದು, ನನ್ನದೂ ಅಚ್ಚಾಗಿಲ್ಲ ಎಂದೆ.

ಆ ಕಡೆಯಿಂದ ಮೂಟೆ ಇಳಿಸುವವರ ಗದ್ದಲ ಕೇಳುತ್ತಿತ್ತು.

‘ಹಾಗಾದ್ರೆ ಬನ್ನಿ ಮೇಡಂ,’ ಎಂದರು, ‘ಪಕ್ಕದಲ್ಲಿ ಕೂತ್ಕೊಳ್ಳಿ.’